ನಾಲ್ಕು ಒನಕೆಯ ವ್ಯಾನು

ನಮ್ಮ ರೇಣುಕಾಗೆ ನರ್ಸ್ ಕೆಲಸದ ಆರ್ಡರ್ ಬಂದಿದೆ. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಇವತ್ತು ಮುಂಜಾನೆ ಪೋಸ್ಟಿನವನು ಸೈಕಲ್ಲು ಒರಗಿಸಿ, ಸಹಿ ಹಾಕಿಸಿಕೊಂಡು, ಉದ್ದನೆಯ ಕಂದು ಲಕೋಟೆ ಕೊಟ್ಟ. ಜೋಯಿಡಾದ ಸರಕಾರಿ ದವಾಖಾನೆ. ಹದಿನೈದು ದಿನದೊಳಗೆ ಹಾಜರಾಗಬೇಕು. ನನ್ನ ಮಗನ ಮಗಳು, ನನ್ನ ತೊಡೆಯ ಮೇಲೆ ಬೆಳೆದ ಹುಡುಗಿ, ಈಗ ಸರಕಾರದ ನರ್ಸು. ನಾನು ಓದಿದ್ದು ಮೂರನೇ ಇಯತ್ತೆ, ಅದೂ ಪೂರ್ತಿ ಅಲ್ಲ. ಆದರೂ ಆ ಕಾಗದವನ್ನು ಬೆರಳಿಟ್ಟು ನಾಲ್ಕು ಸಲ ಓದಿದೆ. ಅವಳ ಹೆಸರು ಬಂದಲ್ಲಿ ನಾಲ್ಕು ಸಲವೂ ನಿಂತೆ.

ಸೊಸೆ ಕಸ್ತೂರಿ ಲಕೋಟೆಯನ್ನು ದೇವರ ಮುಂದೆ ಇಟ್ಟಳು. ನಾನು ಅರಿಶಿಣ ಕಲಸಿದ ಅಕ್ಷತೆ ಹಿಡಿದು ಇನ್ನೇನು ಹಾಕಬೇಕು, ಆ ಹಸಿ ಅರಿಶಿಣದ ವಾಸನೆ ಮೂಗಿಗೆ ಬಡಿಯಿತು. ಕೈ ಅರ್ಧಕ್ಕೇ ನಿಂತಿತು. ಕಟ್ಟೆಯ ಮೇಲೆ ಕೂತಿದ್ದ ನಮ್ಮ ಮನೆಯವರು ನೋಡೇ ನೋಡಿದರು. "ಹಾಕ ಹಾಕ," ಅಂದರು, "ಇದು ಕಾಗದ ಐತಿ. ಇದಕ್ಕ ಬಾಯಿ ಇಲ್ಲ."

ಮನೆಮಂದಿಯೆಲ್ಲ ನಕ್ಕರು. ಪೋಸ್ಟಿನವನು ಮಾತ್ರ ಚಹಾದ ಬಟ್ಟಲು ಹಿಡಿದುಕೊಂಡು ನಮ್ಮ ಮುಖ ಮುಖ ನೋಡಿದ. ಅವನಿಗೆ ಇನ್ನೂ ಹತ್ತು ಮನೆ ಇದ್ದವು, ಹೇಳುತ್ತಾ ಕೂರಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತೇನೆ.

ಇದು ತೊಂಬತ್ತಾರನೇ ಇಸವಿಯ ಬೇಸಿಗೆಯ ಮಾತು. ನಮ್ಮ ಊರು ಹಳಿಯಾಳದಿಂದ ಒಳಗೆ, ಕಾಡಿನ ಅಂಚಿಗೆ. ಏಳನೇ ಇಯತ್ತೆ ತನಕ ಶಾಲೆ ಊರಲ್ಲೇ ಇತ್ತು. ಆಮೇಲೆ ಹಳಿಯಾಳದ ಹೈಸ್ಕೂಲಿಗೇ ಹೋಗಬೇಕು. ಬಸ್ಸು ದಿನಕ್ಕೆ ಎರಡು ಸಲ ಬರುತ್ತಿತ್ತು, ಅದೂ ಶಾಲೆಯ ಹೊತ್ತಿಗೆ ಅಲ್ಲ. ಗಂಡುಹುಡುಗರು ಸೈಕಲ್ ತುಳಿಯುತ್ತಿದ್ದರು. ಹುಡುಗಿಯರು ಏಳನೆಯದು ಮುಗಿಸಿ ಪಾಟಿಚೀಲ ಗೂಟಕ್ಕೆ ಹಾಕಿದರೆ ಮುಗಿಯಿತು, ಮರುವಾರದಿಂದ ಆ ಚೀಲದಲ್ಲಿ ಬೆಳ್ಳುಳ್ಳಿ.

ಆ ವರ್ಷ ರೇಣುಕಾ ಏಳನೆಯದು ಪಾಸಾದಳು. ನನ್ನ ಮಗ ಬಸುವಿನ ಹತ್ತಿರ ಒಂದು ಹಳೆಯ ಡೀಸೆಲ್ ವ್ಯಾನಿತ್ತು. ಸಂತೆಗೆ ಮಂದಿ ಒಯ್ಯುತ್ತಿದ್ದ, ಮದುವೆಗೆ ಬಾಡಿಗೆ ಹೊಡೆಯುತ್ತಿದ್ದ. ನಮ್ಮ ಊರು, ಆಚೆಯ ಎರಡು ಊರು ಸೇರಿ ಏಳನೆಯದು ಪಾಸಾದ ಹುಡುಗಿಯರು ಆರು ಜನ. ಮುಂಜಾನೆ ನಾನೇ ಶಾಲೆಗೆ ಬಿಡುತ್ತೇನೆ, ಸಂಜೆ ನಾನೇ ಮನೆ ಮುಟ್ಟಿಸುತ್ತೇನೆ ಎಂದು ಬಸು ಮನೆಮನೆಗೆ ಹೋಗಿ ಹೇಳಿ ಬಂದ. ಬಸು ಒಯ್ದರೆ ಕಳಿಸುತ್ತೇವೆ ಎಂದು ಎಲ್ಲರೂ ಒಪ್ಪಿದರು. ಹೆಡ್‌ಮಾಸ್ತರರು ಆರೂ ಹೆಸರು ಬರೆದುಕೊಂಡರು.

ಅದಾಗಿ ಒಂದು ವಾರಕ್ಕೆ ವ್ಯಾನು ಸತ್ತಿತು.

ಮದುವೆಯ ಮಂದಿಯನ್ನು ಘಟ್ಟದ ಕೆಳಗೆ ಬಿಟ್ಟು ಬರುವಾಗ ಅಣಶಿಯ ಏರಿನಲ್ಲಿ ಎಂಜಿನ್ನಿಗೆ ನೀರು ಹೋಗುವ ಪೈಪು ಒಡೆದಿದೆ. ಬಸುಗೆ ತಿಳಿದಿಲ್ಲ. ಹಾಗೇ ಏರಿಸಿದ್ದಾನೆ. ಕಾದು ಕಾದು, ಕಡೆಗೆ ಒಳಗೆ ಏನೋ ಕಚ್ಚಿ ಹಿಡಿದು ನಿಂತೇಬಿಟ್ಟಿತು. ಮರದ ದಿಮ್ಮಿ ಹೊರುವ ನಾಟಾ ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಮರುದಿನ ಮಧ್ಯಾಹ್ನ ಮನೆಯ ಅಂಗಳಕ್ಕೆ ಬಂತು. ಬಸು ಕೆಳಗಿಳಿದು ನೀರು ಸಹ ಕುಡಿಯಲಿಲ್ಲ, ಮೆಟ್ಟಿಲ ಮೇಲೆ ಕೂತುಬಿಟ್ಟ.

ದಾಂಡೇಲಿಯಿಂದ ದಾದಾಪೀರ್ ಮಿಸ್ತ್ರಿ ಬಂದ. ವ್ಯಾನು ಕೊಂಡ ದಿನದಿಂದ ಅದರ ರಿಪೇರಿ ಎಲ್ಲ ಅವನದೇ. ಎಂಜಿನ್ನಿನ ಪಕ್ಕದಲ್ಲಿ ಕೈಯಾಡಿಸಿ ಒಂದು ಬಿರುಕು ತೋರಿಸಿದ. ಇದನ್ನು ರಿಪೇರಿ ಮಾಡುವ ಹಾಗಿಲ್ಲ, ಬೇರೆ ಎಂಜಿನ್ನೇ ಕೂರಿಸಬೇಕು ಅಂದ. ಆ ಸಂಜೆ ಕಸ್ತೂರಿ ರೊಟ್ಟಿ ಬಡಿಯುತ್ತಾ ನನಗೆ ಹೇಳಿದಳು, "ಅತ್ಯಾರ, ಅಡವಿ ಹಾದಿಯಾಗ ಹುಡುಗಿನ್ನ ನಡಕೊಂತ ಕಳಸಾಕ ನನ್ನ ಕೈಲೆ ಆಗೂದಿಲ್ರಿ. ಶಾಲಿ ಚಾಲೂ ಆಗೂದರೊಳಗ ವ್ಯಾನ್ ಆಗಲಿಲ್ಲಂದ್ರ ಅಳ್ನಾವರಕ್ಕ ಕಳಸ್ತೇನಿ. ಅಲ್ಲಿ ನನ್ನ ತಂಗಿ ಕೂಸಿನ್ನ ಆಡಸಾಕ ಒಬ್ರು ಬೇಕಾಗ್ಯಾರ."

ಅವಳದು ತಪ್ಪು ಅಂತ ನಾನು ಹೇಳುವುದಿಲ್ಲ. ತಾಯಿಯ ಹೊಟ್ಟೆ. ಆದರೆ ನಾನೂ ಮೂರನೆಯದರಲ್ಲಿ ಬಿಟ್ಟಿದ್ದು ಕೂಸು ಆಡಿಸಲಿಕ್ಕೇ. ಆ ಕೂಸು ನನ್ನ ತಮ್ಮ, ದೊಡ್ಡವನಾಗಿ ಈಗ ಅರಿಶಿಣ ಕುಂಕುಮಕ್ಕೆ ಸೀರೆ ತರುತ್ತಾನೆ, ಒಳ್ಳೆಯವನೇ. ಆದರೂ ನನ್ನ ಶಾಲೆ ಅಲ್ಲಿಗೇ ನಿಂತದ್ದು ನಿಂತದ್ದೇ.

ಬಸು ಹುಬ್ಬಳ್ಳಿಯ ಗುಜರಿಗಳನ್ನೆಲ್ಲ ಸುತ್ತಿದ. ಇಪ್ಪತ್ತು ದಿನ ಆದಮೇಲೆ, ಅಪಘಾತದಲ್ಲಿ ಮೈಯೆಲ್ಲ ಜಜ್ಜಿಹೋದ ಅದೇ ಜಾತಿಯ ಒಂದು ವ್ಯಾನು ಸಿಕ್ಕಿತು. ಎಂಜಿನ್ನಿಗೆ ಏನೂ ಆಗಿರಲಿಲ್ಲವಂತೆ. ಮಾರಿದವನು ಒಂದು ಮಾತು ಹೇಳಿದ್ದ: ಎಂಟು ದಿನದೊಳಗೆ ಚಾಲೂ ಆಗದಿದ್ದರೆ ತಿರುಗಿ ತನ್ನಿ, ಒಂಬತ್ತನೇ ದಿನ ಕೇಳಬೇಡಿ. ಸೋಮವಾರ ಸಂಜೆ ಎಂಜಿನ್ನು ಗೋಣಿಚೀಲ ಸುತ್ತಿಕೊಂಡು ನಮ್ಮ ಅಂಗಳಕ್ಕೆ ಬಂತು. ಶಾಲೆ ಶುರುವಾಗಲು ಹನ್ನೊಂದು ದಿನ ಇತ್ತು.

ಆ ದಿನಗಳಲ್ಲಿ ನನ್ನಷ್ಟು ತಲೆ ತಿಂದವರು ದಾದಾಪೀರ್ ಮಿಸ್ತ್ರಿಗೆ ಬೇರೆ ಯಾರೂ ಇರಲಿಕ್ಕಿಲ್ಲ. ಎಷ್ಟು ವರ್ಷ ವ್ಯಾನಿನಲ್ಲಿ ಕೂತು ಸಂತೆಗೆ ಹೋಗಿದ್ದೆ, ಅದು ಹೇಗೆ ಓಡುತ್ತದೆ ಅಂತ ಒಂದು ದಿನ ಯೋಚಿಸಿರಲಿಲ್ಲ. ಈಗ ಅದರ ಹೊಟ್ಟೆ ಬಿಚ್ಚಿ ಅಂಗಳದಲ್ಲಿಟ್ಟರೆ ಸುಮ್ಮನಿರುವುದು ಹೇಗೆ? ಕೈಯಲ್ಲಿ ಹಸನು ಮಾಡುವ ಅಕ್ಕಿಯ ಮೊರ ಹಿಡಿದುಕೊಂಡೇ ಹೋಗಿ ಅವನ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಒಳಗೆ ಬೆಂಕಿ ಹತ್ತುತ್ತದೆ ಅಂದ. ಹಾಗಾದರೆ ಕಡ್ಡಿ ಗೀರುವವರು ಯಾರು ಅಂತ ಕೇಳಿದೆ.

ದಾದಾಪೀರ್ ನಗಲಿಲ್ಲ. ಅದೇ ಅವನ ದೊಡ್ಡ ಗುಣ. "ಯಾರೂ ಗೀರೂದಿಲ್ಲ ಅವ್ವಾರ. ಗಾಳಿನ್ನ ಒತ್ತಿ ಒತ್ತಿ ಇಟ್ರ ಅದ ಕಾಯತೈತಿ. ಆ ಕಾದ ಗಾಳಿಗೆ ಡೀಸೆಲ್ ಬಿದ್ರ ಭಗ್ಗ ಅಂತೈತಿ."

ನಾನು ನಂಬಲಿಲ್ಲ. ಗಾಳಿ ತಾನಾಗಿ ಕಾಯುವುದೆಂದರೇನು? ಅವನು ಪಕ್ಕದ ಮನೆಯ ಸೈಕಲ್ ಪಂಪು ತರಿಸಿ, ತುದಿಗೆ ಬೆರಳು ಒತ್ತಿ ಹಿಡಿದು, ಇಪ್ಪತ್ತು ಸಲ ಒತ್ತಿ, ಈಗ ಮುಟ್ಟಿ ನೋಡಿ ಅಂದ. ಕೊಳವೆಯ ಬುಡ ಬಿಸಿ! ಚಹಾದ ಲೋಟದ ಹಾಗೆ. ನಾನು ಅವತ್ತು ಮೂರು ಸಲ ಪಂಪು ಒತ್ತಿದೆ, ಕಸ್ತೂರಿಯ ಕೈಯಲ್ಲೂ ಮುಟ್ಟಿಸಿದೆ. ನಮ್ಮ ಮನೆಯವರಿಗೂ ಮುಟ್ಟಿ ಅಂದರೆ, ಅವರು ಕಾಗದದ ಕಾರ್ಖಾನೆಯಲ್ಲಿ ಇದರಪ್ಪನನ್ನು ನೋಡಿದ್ದೇನೆ ಅಂದರು. ಆದರೆ ಯಾರೂ ನೋಡದಾಗ ಮುಟ್ಟಿದರು.

ಗಾಳಿ ಸೋರಿದರೆ ಕಾಯುವುದಿಲ್ಲ, ಕಾಯದಿದ್ದರೆ ಬೆಂಕಿ ಇಲ್ಲ ಅಂತ ದಾದಾಪೀರ್ ಹೇಳಿಕೊಟ್ಟ. ಗಾಳಿ ಒಳಗೆ ಬಿಡಲು, ಹೊರಗೆ ಬಿಡಲು ಸಣ್ಣ ಸಣ್ಣ ಬಾಗಿಲುಗಳಿವೆ, ಅವಕ್ಕೆ ವಾಲು ಅನ್ನುತ್ತಾರೆ. ಒಳಗೆ ನಾಲ್ಕು ಕೊಳವೆ, ನಾಲ್ಕು ದಿಂಡು, ಒಂದರ ಹಿಂದೆ ಒಂದು ಏಳುತ್ತವೆ, ಬೀಳುತ್ತವೆ. ಅದು ನನಗೆ ತಟ್ಟನೆ ತಿಳಿಯಿತು. ನಾಲ್ಕು ಮಂದಿ ಒಂದೇ ಒರಳಿನ ಸುತ್ತ ನಿಂತು ಸರತಿಯ ಮೇಲೆ ಒನಕೆ ಹಾಕಿದ ಹಾಗೆ. ನಾನು ಮದುವೆಯಾಗಿ ಬಂದಾಗ ಈ ಅಂಗಳದಲ್ಲಿ ಹಾಗೇ ಭತ್ತ ಕುಟ್ಟುತ್ತಿದ್ದೆವು. ಒಬ್ಬಳು ತಪ್ಪಿದರೆ ನಾಲ್ವರ ಕೈಯೂ ತಪ್ಪುತ್ತದೆ.

ಕಡೆಗೆ ಕೇಳಿದೆ, "ಇದಕ್ಕ ಬಾಯಿ ಯಾವ ಕಡೆ ಐತಿ?"

ಅವನು ಪಕ್ಕದಲ್ಲಿ ಚಿಂದಿ ತುರುಕಿದ್ದ ಒಂದು ತೂತು ತೋರಿಸಿದ. ಇಲ್ಲಿಂದಲೇ ಉಸಿರು ಎಳೆಯುವುದು ಅಂದ. ಉಸಿರು ಅಂದಿದ್ದ, ಅದು ಖರೆ. ನಾನು ಕೇಳಿಸಿಕೊಂಡದ್ದು ಬಾಯಿ ಅಷ್ಟೇ.

ಈಗ ನನ್ನ ತವರುಮನೆಯ ಒಂದು ಪದ್ಧತಿ ಹೇಳಬೇಕು. ಹೊಸ ಬೀಸುವ ಕಲ್ಲು ಮನೆಗೆ ಬಂದರೆ ಅದನ್ನು ಖಾಲಿ ತಿರುಗಿಸಬಾರದು. ಅರಿಶಿಣ ಕುಂಕುಮ ಹಚ್ಚಿ, ಮೊದಲ ಹಿಡಿ ಅದರ ಬಾಯಿಗೆ ಹಾಕಿ, ಆಮೇಲೆ ಗೂಟ ಹಿಡಿಯಬೇಕು. ಖಾಲಿ ಹೊಟ್ಟೆಯಲ್ಲಿ ಕೆಲಸಕ್ಕೆ ಹಚ್ಚಿದ ಕಲ್ಲು ಮನೆಯನ್ನೂ ಖಾಲಿ ಇಡುತ್ತದೆ ಅಂತ ನಮ್ಮ ಅವ್ವ ಹೇಳುತ್ತಿದ್ದಳು. ಬುಧವಾರ ನಸುಕಿಗೆ ಎಲ್ಲರಿಗಿಂತ ಮುಂಚೆ ಎದ್ದೆ. ಎಂಜಿನ್ನಿಗೆ ಅರಿಶಿಣ ಹಚ್ಚಿದೆ, ಕುಂಕುಮ ಇಟ್ಟೆ, ದಾಸವಾಳ ಏರಿಸಿದೆ. ಬಾಯಿಗೆ ತುರುಕಿದ್ದ ಚಿಂದಿ ಎಷ್ಟು ಹೊಲಸಿತ್ತು ಅಂದರೆ, ಅದನ್ನು ತೆಗೆದು ಒಗೆಯಲು ಹಾಕಿದೆ. ಹುಡುಗಿಯನ್ನು ಶಾಲೆ ಮುಟ್ಟಿಸಪ್ಪಾ ಅಂತ ಬೇಡಿಕೊಂಡು ಒಂದು ಹಿಡಿ ಅಕ್ಷತೆ ಅದರ ಬಾಯಿಗೆ ಹಾಕಿದೆ. ನನ್ನ ಹಳೆಯ ಕುಪ್ಪಸದ ಸ್ವಚ್ಛ ತುಂಡೊಂದನ್ನು ಮಡಚಿ ಮತ್ತೆ ಮುಚ್ಚಿದೆ. ಎಷ್ಟು ಸಮಾಧಾನ ಆಯಿತೆಂದರೆ ಅವತ್ತು ಚಹಾಕ್ಕೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿದೆ.

ಅರಿಶಿಣ ಕುಂಕುಮ ನೋಡಿ ದಾದಾಪೀರ್ ಖುಷಿಪಟ್ಟ. ಕುಪ್ಪಸದ ತುಂಡು ನೋಡಿ, ಎಂಜಿನ್ನಿಗೆ ಉಡಿ ತುಂಬ್ಯಾರ ಅಂತ ಚೇಷ್ಟೆ ಮಾಡಿದ. ಒಳಗೆ ಏನಿದೆ ಅಂತ ಅವನಿಗೇನು ಗೊತ್ತು.

ಆಮೇಲೆ ಕೂರಿಸುವ ಕೆಲಸ. ಆ ವ್ಯಾನಿನಲ್ಲಿ ಎಂಜಿನ್ನು ಇರುವುದು ಡ್ರೈವರನ ಮಗ್ಗುಲಲ್ಲಿ, ತಗಡಿನ ಮುಚ್ಚಳದ ಕೆಳಗೆ. ಮೇಲಿನಿಂದ ಎತ್ತಿದರೆ ಬಾಗಿಲಲ್ಲಿ ಹಾಯುವುದಿಲ್ಲ. ಗ್ಯಾರೇಜಿನಲ್ಲಾದರೆ ಕೆಳಗೆ ಗುಂಡಿ ಇರುತ್ತದೆ, ನಮ್ಮಲ್ಲಿ ಎಲ್ಲಿಯದು? ಅಂಗಳ ಅಗೆಯೋಣ ಅಂದ ಬಸು. ಆಗ ನಮ್ಮ ಮನೆಯವರು ಎದ್ದು ನಿಂತರು. ಅವರು ದುಡಿದಿದ್ದೇ ನಾಟಾ ಡಿಪೋದಲ್ಲಿ, ಆಮೇಲೆ ಕಾರ್ಖಾನೆಯ ಬಿದಿರಿನ ಅಂಗಳದಲ್ಲಿ. ಭಾರದ ವಿಷಯ ಅವರ ಮುಂದೆ ಯಾರೂ ಮಾತಾಡಬಾರದು.

"ಎಂಜಿನ್ ಯಾಕ ಎತ್ತತೀರಿ?" ಅಂದರು. "ವ್ಯಾನ್ ಎತ್ತರಿ."

ಮೂರು ದಪ್ಪ ಗಳಗಳನ್ನು ತುದಿಗೆ ಕಟ್ಟಿ ಕಾಲು ಅಗಲಿಸಿ ನಿಲ್ಲಿಸಿದರು. ಅದಕ್ಕೆ ದಾದಾಪೀರ್ ತಂದ ಸರಪಳಿಯ ರಾಟೆ ತೂಗುಹಾಕಿದರು. ಹಳೆಯ ಎಂಜಿನ್ನಿನ ಕೆಳಗೆ ಹಲಗೆ, ಹಲಗೆಯ ಕೆಳಗೆ ಮೂರು ದುಂಡು ತುಂಡು. ನಟ್ಟು ಬಿಚ್ಚಿ ಎಂಜಿನ್ನನ್ನು ಹಲಗೆಯ ಮೇಲೆ ಕೂರಿಸಿ, ಸರಪಳಿ ಎಳೆದು ವ್ಯಾನಿನ ಮೂತಿಯನ್ನೇ ಎತ್ತಿದರು. ಆಕಳು ಕರುವಿನ ಮೇಲಿಂದ ಎದ್ದ ಹಾಗೆ ವ್ಯಾನು ಮೆಲ್ಲಗೆ ಎದ್ದಿತು, ಎಂಜಿನ್ನು ಕೆಳಗೇ ಉಳಿಯಿತು. ಹಲಗೆ ಉರುಳಿಸಿ ಹೊರಗೆ ತಂದರು. ಹೊಸದನ್ನು ಹಾಗೇ ಒಳಗೆ ಉರುಳಿಸಿದರು. ವ್ಯಾನನ್ನು ಅದರ ಮೇಲೆ ಒಂದೊಂದೇ ಬೆರಳಿನಷ್ಟು ಇಳಿಸುವಾಗ ಅಂಗಳದ ಮಂದಿಯೆಲ್ಲ ಬಗ್ಗಿ ನೋಡಿದರು. ಆ ದಿನ ನನ್ನ ಗಂಡ ಹತ್ತು ವರ್ಷ ಸಣ್ಣವರಾಗಿ ಕಂಡರು. ಅವರಿಗೆ ಹೇಳಲಿಲ್ಲ, ಹೇಳಿದರೆ ಉಬ್ಬುತ್ತಾರೆ.

ಪೈಪು, ತಂತಿ, ಎಣ್ಣೆ, ನೀರು ಎಲ್ಲ ಹೊಂದಿಸಲು ಶನಿವಾರವೂ ಮುಗಿಯಿತು. ಭಾನುವಾರ ಮಧ್ಯಾಹ್ನ ಬಸು ಚಾವಿ ತಿರುಗಿಸಿದ.

ಹತ್ತಿದ ಹಾಗೆ ಮಾಡಿತು. ಬಿಳಿ ಹೊಗೆ ಉಗುಳಿತು. ಮೈಯೆಲ್ಲ ನಡುಗಿಸಿ ಸತ್ತಿತು. ಮತ್ತೆ ತಿರುಗಿಸಿದ, ಮತ್ತೆ ಹಾಗೇ. ಹನ್ನೆರಡು ಸಲ ಆಯಿತು, ಬ್ಯಾಟರಿ ಕುಗ್ಗಿತು, ನಾಟಾ ಲಾರಿಯವನ ಬ್ಯಾಟರಿ ತಂದರು. ಸೋಮವಾರವೂ ಅದೇ. ಅವತ್ತೇ ಎಂಟನೇ ದಿನ, ಸಂಜೆಯೊಳಗೆ ಹುಬ್ಬಳ್ಳಿಗೆ ಒಯ್ದು ತಿರುಗಿ ಕೊಡಬೇಕು, ಇಲ್ಲದಿದ್ದರೆ ಇದು ನಮ್ಮ ಕೊರಳಿಗೇ. ದಾದಾಪೀರ್ ಚಿಂದಿಯಿಂದ ಕೈ ಒರೆಸಿಕೊಂಡು, "ಬಸೂ, ಎಂಜಿನ್ ಒಳಗಿಂದ ಕೆಟ್ಟೈತಿ. ಗಾಳಿ ಹಿಡಿಯಾಕತ್ತಿಲ್ಲ. ಹುಬ್ಬಳ್ಳಿಯಾಂವ ಮೋಸ ಮಾಡ್ಯಾನ. ಕೆಳಗ ಇಳಿಸಿಬಿಡೂಣು," ಅಂದ.

ಇನ್ನೊಂದು ಹುಡುಕಲು ಮತ್ತೆ ಎಷ್ಟು ದಿನವೋ. ಒಳಗೆ ಕಸ್ತೂರಿ ರೇಣುಕಾಳ ಎರಡು ಲಂಗ ಮಡಚಿ ಚೀಲಕ್ಕೆ ಹಾಕುತ್ತಿದ್ದಳು. ಹುಡುಗಿ ಅಳಲಿಲ್ಲ. ಗೂಟಕ್ಕೆ ಹಾಕಿದ್ದ ಪಾಟಿಚೀಲ ತೆಗೆದು, ಧೂಳು ಝಾಡಿಸಿ, ಮತ್ತೆ ಅದೇ ಗೂಟಕ್ಕೆ ಹಾಕಿದಳು. ಅಷ್ಟೇ ಮಾಡಿದ್ದು.

ಇಳಿಸುವ ಮೊದಲು ಕಡೆಯ ಸಲ ಚಾವಿ ತಿರುಗಿಸಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನೋಡುವ ಮನಸ್ಸಾಗದೆ ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿದ್ದಕ್ಕೇ ಇರಬೇಕು, ಕಿವಿಗೆ ಸರಿಯಾಗಿ ಬಿತ್ತು. ಢುಗ್, ಢುಗ್, ಆಮೇಲೆ ಒಂದು ಫುಸ್, ಆಮೇಲೆ ಢುಗ್. ಮತ್ತೆ ಅದೇ ಜಾಗದಲ್ಲಿ ಫುಸ್. ಒರಳಿನ ಸುತ್ತ ನಿಂತವಳಿಗೆ ಈ ಸದ್ದು ಯಾರೂ ಕಲಿಸಬೇಕಿಲ್ಲ.

"ಒಂದು ಒನಕಿ ಖಾಲಿ ಬೀಳಾಕತ್ತೈತಿ," ಅಂದೆ. "ಮೂರು ಸರಿ ಅದಾವ."

ನಮ್ಮ ಮನೆಯವರು ಏನೋ ಚೇಷ್ಟೆಗೆ ಬಾಯಿ ತೆರೆದರು. ದಾದಾಪೀರ್ ಕೈ ಎತ್ತಿ ಅವರನ್ನು ನಿಲ್ಲಿಸಿದ. ಉದ್ದನೆಯ ಕಬ್ಬಿಣದ ಸಳಿಯ ಒಂದು ತುದಿ ಎಂಜಿನ್ನಿಗೆ ಹಚ್ಚಿ, ಇನ್ನೊಂದು ತುದಿ ಕಿವಿಗೆ ಹಚ್ಚಿಕೊಂಡು, ಮತ್ತೆ ತಿರುಗಿಸು ಅಂದ. ಒಂದೊಂದೇ ಜಾಗಕ್ಕೆ ಸಳಿ ಸರಿಸಿ ಕೇಳಿದ. ಎದ್ದು ನಿಂತು ನನ್ನ ಕಡೆ ನೋಡಿದ. ಅವ್ವಾರು ಹೇಳಿದ್ದು ಖರೆ, ಮೂರನೆಯದರ ವಾಲು ಮುಚ್ಚುತ್ತಿಲ್ಲ, ಬಾಗಿರಬೇಕು, ಇಲ್ಲವೇ ಏನೋ ಅಡ್ಡ ಸಿಕ್ಕಿರಬೇಕು. ಆದರೂ ಕೊಟ್ಟವನದೇ ತಪ್ಪು, ತಿರುಗಿ ಒಯ್ಯೋಣ ಅಂದ.

ಏನೋ ಅಡ್ಡ ಸಿಕ್ಕಿರಬೇಕು. ಆ ಮಾತು ಕೇಳಿದ್ದೇ ಪೂಜೆಯ ಆ ನಸುಕು ನೆನಪಾಯಿತು. ಬಾಯಿ. ಹಿಡಿ ಅಕ್ಷತೆ. ಕುಪ್ಪಸದ ತುಂಡು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪಾಪ ಆ ಹುಬ್ಬಳ್ಳಿಯವನ ಹೆಸರು ಕೆಡುತ್ತಿತ್ತು, ನನ್ನದು ಉಳಿಯುತ್ತಿತ್ತು. ನಮ್ಮ ಮನೆಯವರ ನಾಲಿಗೆ ನನಗೆ ಗೊತ್ತು; ಸಾಯುವ ತನಕ ಬಿಡುವವರಲ್ಲ. ಆದರೆ ಗೂಟಕ್ಕೆ ನೇತಾಡುವ ಪಾಟಿಚೀಲ ಬಾಗಿಲಿನಿಂದಲೇ ಕಾಣುತ್ತಿತ್ತು. ಅಂಗಳಕ್ಕೆ ಇಳಿದೆ.

"ಎಂಜಿನ್ ಕೆಟ್ಟಿಲ್ಲಪಾ," ಅಂದೆ. "ಅದರ ಬಾಯಾಗ ನಾ ಅಕ್ಕಿ ಹಾಕೇನಿ."

ಬಸು ಮೆಲ್ಲಗೆ, "ಎಷ್ಟು, ಯವ್ವಾ?" ಅಂತ ಕೇಳಿದ. ಹಿಡಿ ಅಂದೆ. ನನ್ನ ಗಂಡನ ಮುಖ ನೋಡಲಿಲ್ಲ. ದಾದಾಪೀರ್ ನೆಲಕ್ಕೆ ಕೂತುಬಿಟ್ಟ. ಅವನ ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾನೆ ಅಂದುಕೊಂಡೆ. ಕಣ್ಣೊರೆಸಿಕೊಂಡು ಎದ್ದಾಗ ಅವನ ಕೈಯಲ್ಲಿ ಆಗಲೇ ನಟ್ಟು ಬಿಚ್ಚುವ ಪಾನಾ ಇತ್ತು.

ಈಗ ಆಟ ಬೇರೆ. ಎಂಜಿನ್ನಿನ ತಲೆ ಬಿಚ್ಚಿ ನೋಡಿದರೆ ಹುಬ್ಬಳ್ಳಿಯವನು ತಿರುಗಿ ತೆಗೆದುಕೊಳ್ಳುವುದಿಲ್ಲ. ಬಿಚ್ಚದಿದ್ದರೆ ಹುಡುಗಿ ಅಳ್ನಾವರಕ್ಕೆ. ನಿಮ್ಮ ಅಕ್ಕಿಯೇ ಅಂತ ಖಾತ್ರಿಯೇ ಅವ್ವಾರ, ಬೇರೆ ಏನೂ ಇಲ್ಲವಷ್ಟೇ ಅಂತ ದಾದಾಪೀರ್ ಕೇಳಿದ. ನನಗೇನು ಗೊತ್ತು ಎಂಜಿನ್ನಿನ ಒಳಗಿನದು? ಆದರೆ ಮೂರು ಒನಕೆ ತುಂಬಿ ಬೀಳುವುದನ್ನು ಈ ಕಿವಿಯಲ್ಲೇ ಕೇಳಿದ್ದೆ. ಬಿಚ್ಚು ಅಂದೆ. ಬಸು ಅಪ್ಪನ ಕಡೆ ನೋಡಿದ. ಅವರು ಎದ್ದುಹೋಗಿ ಒಳಗಿನಿಂದ ಚಾಪೆ ತಂದು ವ್ಯಾನಿನ ಪಕ್ಕ ತಾವೇ ಹಾಸಿದರು.

ಬಿಸಿಲು ಇಳಿಯುವ ಹೊತ್ತಿಗೆ ಮೇಲಿನ ಭಾಗ ಕಳಚಿ ಚಾಪೆಯ ಮೇಲೆ ಬೋರಲು ಹಾಕಿದರು. ಎಲ್ಲರೂ ಬಗ್ಗಿದೆವು. ಗಾಳಿಯ ದಾರಿಯ ಮೂಲೆಯಲ್ಲಿ ಎಣ್ಣೆ ಹೀರಿ ಕಪ್ಪಾದ ಅಕ್ಕಿ. ಮೂರನೇ ವಾಲಿನ ಅಂಚಿನಲ್ಲಿ ಎರಡು ಕಾಳು, ಚಪ್ಪಟೆಯಾಗಿ, ಅವಲಕ್ಕಿಯ ಹಾಗೆ ಅಂಟಿಕೊಂಡಿದ್ದವು. ಒಂದರಲ್ಲಿ ಇನ್ನೂ ಅರಿಶಿಣ ಉಳಿದಿತ್ತು. ಬೇರೆ ಏನೂ ಕೆಟ್ಟಿರಲಿಲ್ಲ. ವಾಲು ಬಾಗಿರಲಿಲ್ಲ. ಇಷ್ಟು ದೊಡ್ಡ ಕಬ್ಬಿಣ, ಎರಡು ಕಾಳಿಗೆ ಉಸಿರುಗಟ್ಟಿತ್ತು. ನನಗೆ ನಾಚಿಕೆಯ ನಡುವೆಯೂ ಅದೊಂದು ದೊಡ್ಡ ಸೋಜಿಗ ಅನ್ನಿಸಿತು.

ಸೀಮೆಎಣ್ಣೆಯಲ್ಲಿ ತೊಳೆದು, ಹುಬ್ಬಳ್ಳಿಯಿಂದಲೇ ತಂದಿದ್ದ ಗಾಳಿ ಸೋರದ ಹಾಗೆ ನಡುವೆ ಇಡುವ ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸುವಾಗ ಬುಧವಾರ ಆಯಿತು. ಚಾವಿ ತಿರುಗಿಸುವ ಮೊದಲು ದಾದಾಪೀರ್ ಆ ಕಬ್ಬಿಣದ ಸಳಿ ನನ್ನ ಕೈಗೆ ಕೊಟ್ಟ, ಕಿವಿಗೆ ಹಚ್ಚಿಕೊಳ್ಳಿ ಅಂದ. ಬಸು ತಿರುಗಿಸಿದ. ನನ್ನ ಕಿವಿಯೊಳಗೆ ಇಡೀ ಒರಳಿನ ಮನೆ ಎದ್ದು ನಿಂತಿತು: ಢುಗ್ ಢುಗ್ ಢುಗ್ ಢುಗ್. ನಾಲ್ಕೂ. ಒಂದೂ ಖಾಲಿ ಇಲ್ಲ. ಹತ್ತಿಕೊಂಡು ಓಡತೊಡಗಿತು. ಕಸ್ತೂರಿ ಒಳಗೆ ಹೋಗಿ ಲಂಗಗಳನ್ನು ಚೀಲದಿಂದ ತೆಗೆದು ದಾರಕ್ಕೆ ಹಾಕಿದಳು.

ಶಾಲೆ ಚಾಲೂ ಆದ ದಿನ ಮೊದಲ ಮಳೆ. ಆರು ಹುಡುಗಿಯರು ಕಿಟಕಿಗೆ ಮೂಗು ಒತ್ತಿಕೊಂಡು ಹೋದರು. ಮೂರು ವರ್ಷ ಹೋದರು.

ಈಗ ಬಸು ಬೇರೆ ಗಾಡಿ ಇಟ್ಟಿದ್ದಾನೆ. ಹಳೆಯ ವ್ಯಾನಿನ ಮೈಗೆ ತುಕ್ಕು ಹಿಡಿಯಿತು, ಗುಜರಿಗೆ ಹೋಯಿತು. ಎಂಜಿನ್ನನ್ನು ಮಾತ್ರ ನಮ್ಮ ಊರಿನ ಹಿಟ್ಟಿನ ಗಿರಣಿಯವನು ಕೇಳಿ ಒಯ್ದ. ಕರೆಂಟು ಹೋದಾಗ ಗಿರಣಿ ತಿರುಗಿಸುವುದು ಅದೇ. ದಿನಾ ಅಕ್ಕಿ, ಜೋಳ, ಗೋಧಿ ಬೀಸಿಕೊಡುತ್ತದೆ. ಕಡೆಗೂ ಅದಕ್ಕೆ ನಾನು ತಿಳಿದುಕೊಂಡಿದ್ದ ಕೆಲಸವೇ ಸಿಕ್ಕಿತು.

ಇವತ್ತು ಸಂಜೆ ಬಸು ದಾಂಡೇಲಿಗೆ ಹೋಗಿ ದಾದಾಪೀರ್ ಮಿಸ್ತ್ರಿಯನ್ನೂ ಕರೆತಂದ. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಊಟಕ್ಕೆ ಕೂರುವ ಮೊದಲು ರೇಣುಕಾ ಎದೆಬಡಿತ ಕೇಳುವ ತನ್ನ ಕೊರಳಿನ ನಳಿಗೆಯನ್ನು ನನ್ನ ಕಿವಿಗೆ ಸಿಕ್ಕಿಸಿ, ಇನ್ನೊಂದು ತುದಿ ನನ್ನ ಎದೆಗೇ ಹಚ್ಚಿದಳು.

"ಹೆಂಗ ಬೀಳಾಕತ್ತಾವ, ಆಯಿ?"

ಬಹಳ ಹೊತ್ತು ಕೇಳಿದೆ. ಇಷ್ಟು ವರ್ಷ ಒಳಗೇ ಕುಟ್ಟುತ್ತಿದ್ದದ್ದನ್ನು ಒಂದು ದಿನ ಕೇಳಿರಲಿಲ್ಲವಲ್ಲ. ಖಾಲಿ ಬೀಳುತ್ತಿಲ್ಲ ಅಂದೆ.

ಹೂರಣದ ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣಗಾಯಿ, ಬಿಸಿ ರೊಟ್ಟಿ. ಎಲ್ಲರೂ ಒಂದೇ ಸಾಲಿಗೆ ಕೂತರು, ಕಸ್ತೂರಿಯನ್ನೂ ಎಳೆದು ಕೂರಿಸಿದೆ. ನಾನು ಅನ್ನದ ಬೋಗುಣಿ ಹಿಡಿದು ಬಂದರೆ ದಾದಾಪೀರ್ ತಾಟಿನ ಮೇಲೆ ಕೈ ಅಡ್ಡ ಹಿಡಿದ. "ಒಂದ ಹಿಡಿ ಸಾಕ್ರಿ ಅವ್ವಾರ," ಅಂದ, "ಹೆಚ್ಚಾದ್ರ ವಾಲ್ ಮುಚ್ಚೂದಿಲ್ಲ." ನಮ್ಮ ಮನೆಯವರು ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡರು, ರೇಣುಕಾ ಬೆನ್ನು ತಟ್ಟಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಕಸ್ತೂರಿ ಕಂದೀಲು ಹಚ್ಚುವಷ್ಟರಲ್ಲಿ ಊರ ಆಚೆ ಗಿರಣಿ ಚಾಲೂ ಆದ ಸದ್ದು ಬಂತು. ಸಾಲಿನವರೆಲ್ಲ ತುತ್ತು ಹಿಡಿದ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಕಿವಿಗೊಟ್ಟು ಎಣಿಸಿದೆ. ನಾಲ್ಕೂ ತುಂಬಿ ಬೀಳುತ್ತಿದ್ದವು.

"ಉಣ್ಣರಿ," ಅಂದೆ. ಎಲ್ಲರೂ ಉಂಡೆವು.